ವೀಗನ್ ಸನ್‌ಸ್ಕ್ರೀನ್ ಹಚ್ಚಿದರೆ ಮುಖ ಬೂದಿ, ಶಾಂಪೂ ಬಾರ್ ಹಾಕಿದರೆ ಕೂದಲು ಅಂಟು: ಏನು ಮಾಡಲಿ?

ಪ್ರಶ್ನೆ (ಕೆಂಗೇರಿ, ಬೆಂಗಳೂರು):

ನಮಸ್ತೆ ಮೇಡಂ. ನಾನು ವೀಗನ್ ಆಗಿ ಎರಡು ವರ್ಷ ಆಯಿತು. ಹಾಲು, ತುಪ್ಪ, ಜೇನು ಎಲ್ಲ ಬಿಟ್ಟಿದ್ದೇನೆ. ಅಡುಗೆಮನೆ ಒಂದು ಹದಕ್ಕೆ ಬಂತು, ಈಗ ಬಚ್ಚಲುಮನೆಯ ಸರದಿ. ಹೋದ ತಿಂಗಳು ಎರಡು ವಸ್ತು ತರಿಸಿದೆ. ಒಂದು, 'ಪೂರ್ತಿ ನೈಸರ್ಗಿಕ, ವೀಗನ್, ಮಿನರಲ್' ಎಂದು ಬರೆದಿದ್ದ ಸನ್‌ಸ್ಕ್ರೀನ್. ಹಚ್ಚಿಕೊಂಡರೆ ಯಕ್ಷಗಾನದ ಚೌಕಿಯಿಂದ ಅರ್ಧ ವೇಷದಲ್ಲಿ ಎದ್ದು ಬಂದ ಹಾಗೆ ಕಾಣುತ್ತೇನೆ. ಆಫೀಸಿನಲ್ಲಿ 'ಹುಷಾರಿಲ್ವಾ?' ಅಂತ ಕೇಳಿದರು. ಇನ್ನೊಂದು, ಕೈಯಲ್ಲೇ ಮಾಡಿದ್ದು ಅನ್ನುವ ಶಾಂಪೂ ಬಾರ್. ನಮ್ಮ ಮನೆಗೆ ಬೋರ್‌ವೆಲ್ ನೀರು. ಮೂರು ಸಲ ಸ್ನಾನ ಮಾಡುವಷ್ಟರಲ್ಲಿ ಕೂದಲು ಮೇಣ ಬಳಿದಂತೆ ಆಯಿತು, ಬಾಚಣಿಗೆಗೆ ಬಿಳಿ ಬಿಳಿ ಏನೋ ಅಂಟುತ್ತದೆ.

ಅಮ್ಮ ಹೇಳುವುದು, 'ಕೊಬ್ಬರಿ ಎಣ್ಣೆ ಹಚ್ಕೊಂಡು ಹೋಗು, ಬಿಸಿಲಿಗೆ ಅಷ್ಟೇ ಸಾಕು.' ನಾದಿನಿ ಹೇಳುವುದು, ಕ್ಯಾರೆಟ್ ಬೀಜದ ಎಣ್ಣೆಗೆ ಎಸ್‌ಪಿಎಫ್ 40 ಇದೆಯಂತೆ. ನಾನು ದಿನಾ ಬೆಳಿಗ್ಗೆ 9ಕ್ಕೆ ಸ್ಕೂಟರ್‌ನಲ್ಲಿ ಹೊರಟು ಸಂಜೆ 5ರ ಮೇಲೆ ವಾಪಸ್. ಕೆನ್ನೆಯ ಮೇಲೆ ಬಂಗು ಶುರುವಾಗಿದೆ. ನೈಸರ್ಗಿಕವೇ ಬೇಕು ಅನ್ನುವ ಹಟ ಬಿಡಬೇಕಾ?

ಉತ್ತರ:

ನಾನು ವೈದ್ಯೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಕ್ರೀಮು, ಶಾಂಪೂ ತಯಾರಿಸುವ ಲ್ಯಾಬ್‌ನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬಂಗಿಗೆ ಚರ್ಮದ ಡಾಕ್ಟರನ್ನು ಒಮ್ಮೆ ನೋಡಿ. ಟ್ಯೂಬಿನ ಒಳಗೆ ಏನಿದೆ ಅನ್ನುವುದನ್ನು ನಾನು ಹೇಳಬಲ್ಲೆ.

ನಿಮಗೆ ಬೇಕಾಗಿದ್ದು ವೀಗನ್. ನೀವು ಕೊಂಡದ್ದು ಮಿನರಲ್. ಎರಡೂ ಒಂದೇ ಎಂದುಕೊಂಡಲ್ಲೇ ದಾರಿ ತಪ್ಪಿತು. ಮಿನರಲ್ ಅಂದರೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್. ಎರಡೂ ಬಿಳಿ ಪುಡಿಗಳು, ಗೋಡೆಗೆ ಹೊಡೆಯುವ ಬಣ್ಣಕ್ಕೂ ಹಾಕುತ್ತಾರೆ. ನಮ್ಮಂಥ ಕಂದು ಚರ್ಮದ ಮೇಲೆ ಬೂದಿ ಬಳಿದ ಹಾಗೆ ಕಾಣದೆ ಇನ್ನೇನಾಗುತ್ತದೆ? ಅಂದಹಾಗೆ ಟ್ಯೂಬಿನಲ್ಲಿರುವ ಜಿಂಕ್ ಆಕ್ಸೈಡ್ ಕೂಡ ಕಾರ್ಖಾನೆಯಲ್ಲೇ ತಯಾರಾದದ್ದು. 'ಪೂರ್ತಿ ನೈಸರ್ಗಿಕ' ಅನ್ನುವುದು ಮುಂಭಾಗದ ಬರಹ ಅಷ್ಟೇ.

ಇನ್ನೊಂದು ಬಗೆಯ ಸನ್‌ಸ್ಕ್ರೀನ್ ಇದೆ, ಜನ 'ಕೆಮಿಕಲ್' ಎಂದು ಬೈಯುವುದು ಅದನ್ನೇ. ಅವೊಬೆಂಜೋನ್, ಬೆಮೊಟ್ರಿಜಿನಾಲ್ ಥರದ ಹೆಸರುಗಳು ಇರುತ್ತವೆ. ಇವು ನೈಸರ್ಗಿಕವಲ್ಲ, ನಿಜ. ಆದರೆ ಈ ವಸ್ತುಗಳು ಪ್ರಾಣಿಯಿಂದ ಬಂದವಲ್ಲ. ಕ್ರೀಮಿನ ಉಳಿದ ಭಾಗವೂ ಸರಿ ಇದ್ದರೆ ಅದು ವೀಗನ್ನೇ. ಬಿಳಿ ಕೂರುವುದೂ ಕಡಿಮೆ. ಜೇನುಮೇಣ ನೋಡಿ, ಅಪ್ಪಟ ನೈಸರ್ಗಿಕ, ಆದರೆ ವೀಗನ್ ಅಲ್ಲ. ನಿಮ್ಮ ಹಟ ಇವೆರಡರಲ್ಲಿ ಯಾವುದರ ಮೇಲೆ ಅನ್ನುವುದನ್ನು ನೀವೇ ತೀರ್ಮಾನ ಮಾಡಬೇಕು.

ಬಂಗು ಇರುವುದರಿಂದ ಒಂದು ಮಾತು ಜಾಸ್ತಿ ಹೇಳುತ್ತೇನೆ. ಬಂಗನ್ನು ಕೆರಳಿಸುವುದು ಯುವಿ (ನೇರಳಾತೀತ) ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಅದರಲ್ಲೂ ಕಂದು ಚರ್ಮದಲ್ಲಿ. ಆ ಬೆಳಕನ್ನು ತಡೆಯುವುದು ಐರನ್ ಆಕ್ಸೈಡ್, ಅಂದರೆ ಬಣ್ಣ ಕೂಡಿಸಿದ ಸನ್‌ಸ್ಕ್ರೀನ್. 'ಟಿಂಟೆಡ್' ಎಂದು ಬರೆದಿರುತ್ತದೆ. ಮಿನರಲ್ಲೇ ಬೇಕು ಅಂದರೆ ಟಿಂಟೆಡ್ ಮಿನರಲ್ ತೆಗೆದುಕೊಳ್ಳಿ. ಚೌಕಿಯ ಸಮಸ್ಯೆಯೂ ಬಗೆಹರಿಯುತ್ತದೆ.

ಇನ್ನು ಅಮ್ಮನ ಕೊಬ್ಬರಿ ಎಣ್ಣೆ. ಪ್ರಯೋಗಾಲಯದಲ್ಲಿ ಅಳೆದಾಗ ಅದಕ್ಕೆ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 7–8ರ ಆಸುಪಾಸು ಬಂದದ್ದುಂಟು. ಎಸ್‌ಪಿಎಫ್ 30 ಸರಿಯಾಗಿ ಹಚ್ಚಿದರೆ ಸುಮಾರು 97 ಶೇಕಡಾ ಯುವಿಬಿ (ಚರ್ಮ ಸುಡುವ ಬಗೆಯ ಯುವಿ ಕಿರಣ) ತಡೆಯುತ್ತದೆ, 50 ಆದರೆ 98. ಎಣ್ಣೆ ಅದರ ಹತ್ತಿರಕ್ಕೂ ಬರುವುದಿಲ್ಲ, ಜೊತೆಗೆ ಧೂಳನ್ನೂ ಹಿಡಿಯುತ್ತದೆ. ನಾದಿನಿಯವರ ಕ್ಯಾರೆಟ್ ಎಣ್ಣೆಯ ಕತೆ ಇಂಟರ್ನೆಟ್ಟಿನಲ್ಲಿ ಓಡಾಡುತ್ತಲೇ ಇದೆ. ಬರೀ ಆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ.

ಬೆಂಗಳೂರಿನ ಬಿಸಿಲಿನ ಬಗ್ಗೆಯೂ ಸ್ವಲ್ಪ. ಇಲ್ಲಿ ಗಾಳಿ ತಂಪು, ಹಾಗಾಗಿ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಊರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರ ಬಂದು ಕಂಬದ ನೆರಳೇ ಮಾಯವಾಗುತ್ತದೆ, ಅಲ್ವಾ? ಆ ದಿನಗಳ ಆಚೀಚೆ ಮೋಡವಿಲ್ಲದ ಮಧ್ಯಾಹ್ನ ಯುವಿ ಸೂಚ್ಯಂಕ 11 ದಾಟುತ್ತದೆ, ಅಂದರೆ ವಿಪರೀತದ ಮಟ್ಟ. ನಿಮ್ಮ 9 ಗಂಟೆಯ ಸ್ಕೂಟರ್ ಸವಾರಿಗಿಂತ, ಮಧ್ಯಾಹ್ನ ಊಟಕ್ಕೆಂದು ಹೊರಗೆ ಹೋಗಿ ಬರುವ ಇಪ್ಪತ್ತು ನಿಮಿಷವೇ ಜಾಸ್ತಿ ಹೊಡೆತ. ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಮುಚ್ಚಳ ಬಹುಪಾಲು ಪಾಲಿಕಾರ್ಬೊನೇಟ್. ಇಳಿಸಿಕೊಂಡರೆ ಯುವಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಕೈಗೆ ಗ್ಲೌಸ್ ಹಾಕಿ. ಮಧ್ಯಾಹ್ನಕ್ಕೆ ಕೊಡೆ ಇಟ್ಟುಕೊಳ್ಳಿ. ಕೊಡೆಗಿಂತ ವೀಗನ್ ವಸ್ತು ಸಿಗುವುದಿಲ್ಲ.

ಹಚ್ಚುವ ಅಳತೆ: ತೋರುಬೆರಳು, ಮಧ್ಯದ ಬೆರಳು, ಎರಡರ ಉದ್ದಕ್ಕೂ ಗೆರೆ ಎಳೆಯಿರಿ. ಮುಖಕ್ಕೂ ಕುತ್ತಿಗೆಗೂ ಸೇರಿ ಅಷ್ಟು ಬೇಕು. ಹೀಗೆ ದಿನಕ್ಕೆ ಒಂದೇ ಸಲ ಹಚ್ಚಿದರೂ 50 ಗ್ರಾಂ ಟ್ಯೂಬು ಒಂದೂವರೆ ತಿಂಗಳಿಗಿಂತ ಹೆಚ್ಚು ಬರುವುದಿಲ್ಲ. ಆರು ತಿಂಗಳು ಬಂತು ಅಂದರೆ ಡಬ್ಬಿಯ ಮೇಲಿನ ಎಸ್‌ಪಿಎಫ್ 50 ನಿಮ್ಮ ಮುಖದ ಮೇಲೆ ಇಲ್ಲ.

ಈಗ ಶಾಂಪೂ ಬಾರ್. ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ, ಕ್ಷಮಿಸಿ. ಹೆಸರು ಶಾಂಪೂ ಬಾರ್, ಒಳಗಿರುವುದು ಸೋಪು! ಹಿಂದೆ ತಿರುಗಿಸಿ ನೋಡಿ. ಸೋಡಿಯಂ ಕೊಕೊಯೇಟ್, ಸೋಡಿಯಂ ಪಾಮೇಟ್, ಅಥವಾ 'ಕೊಬ್ಬರಿ ಎಣ್ಣೆ, ಹರಳೆಣ್ಣೆ, ಸೋಡಿಯಂ ಹೈಡ್ರಾಕ್ಸೈಡ್' ಎಂದು ಇದ್ದರೆ ಅದು ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ ಸೋಪು. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ರ ಮೇಲೆ ಕ್ಷಾರ) 9ರಿಂದ 10. ಕೂದಲಿಗೆ ಹಿತವಾಗಿರುವುದು 5ರ ಆಸುಪಾಸು. ಕ್ಷಾರ ಜಾಸ್ತಿಯಾದರೆ ಕೂದಲಿನ ಮೇಲಿನ ಪದರ ಎದ್ದು ಒರಟಾಗುತ್ತದೆ. ಮೇಲೆ ನಿಮ್ಮದು ಬೋರ್‌ವೆಲ್ ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತದಲ್ಲ, ಅದೇ ನಿಮ್ಮ ಬಾಚಣಿಗೆಯಲ್ಲಿ ಇರುವುದು. 'ಕೂದಲು ಒಗ್ಗಿಕೊಳ್ಳುವ ತನಕ ಒಂದು ತಿಂಗಳು ತಾಳಿ' ಎಂದು ಮಾರುವವರು ಹೇಳುತ್ತಾರೆ. ಒಗ್ಗುವುದಿಲ್ಲ. ಬೋರ್‌ವೆಲ್ ಬದಲಾಗುವುದಿಲ್ಲವಲ್ಲ.

ನಿಜವಾದ ಶಾಂಪೂ ಬಾರ್‌ನಲ್ಲಿ ಸೋಡಿಯಂ ಕೊಕೊಯ್ಲ್ ಐಸೆಥಯೊನೇಟ್ ಥರದ, ಸೋಪಲ್ಲದ ನೊರೆವಸ್ತುವಿನ ಹೆಸರು ಮೊದಲಿಗೆ ಇರುತ್ತದೆ. ಕೊಕೊಯೇಟ್ ಬೇರೆ, ಕೊಕೊಯ್ಲ್ ಬೇರೆ. ಒಂದಕ್ಷರದ ವ್ಯತ್ಯಾಸ, ತಲೆಯ ಮೇಲೆ ದೊಡ್ಡ ವ್ಯತ್ಯಾಸ. ಈಗ ಅಂಟಿರುವುದನ್ನು ಬಿಡಿಸಲು ಒಂದು ಚೊಂಬು ನೀರಿಗೆ ಒಂದು ಚಮಚ ವಿನೆಗರ್ ಹಾಕಿ ತಲೆಗೆ ಸುರಿದುಕೊಳ್ಳಿ, ಎರಡು ನಿಮಿಷ ಬಿಟ್ಟು ತೊಳೆಯಿರಿ.

ಪ್ರಶ್ನೆ (ಶಿರಸಿ):

ಮೇಡಂ, ಇಷ್ಟೆಲ್ಲ ಯಾಕೆ? ನಮ್ಮ ಅತ್ತೆ 78 ವರ್ಷ, ಇವತ್ತಿಗೂ ಅಂಟುವಾಳ, ಸೀಗೆ, ದಾಸವಾಳದ ಎಲೆ. ಕೂದಲು ಸೊಂಟದ ತನಕ. ಅದಕ್ಕಿಂತ ನೈಸರ್ಗಿಕ ಬೇಕಾ?

ಉತ್ತರ:

ಬೇಡ. ಅತ್ತೆಯವರಿಗೆ ನಮಸ್ಕಾರ ತಿಳಿಸಿ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಸಪೋನಿನ್ ಇದೆ, ನೊರೆ ಬರುವುದು ಅದರಿಂದಲೇ. ಅವುಗಳ ನೀರು ಸ್ವಲ್ಪ ಆಮ್ಲೀಯ, ಸೋಪಿನ ಹಾಗೆ ಕ್ಷಾರವಲ್ಲ. ದಾಸವಾಳದ ಎಲೆಯ ಲೋಳೆ, ನೆನೆಸಿದ ಮೆಂತ್ಯದ ಲೋಳೆ ಕಂಡೀಷನರ್ ಕೆಲಸ ಮಾಡುತ್ತವೆ. ಹಳೇ ಮೈಸೂರು ಕಡೆ ಸೀಗೆಪುಡಿಯ ಜೊತೆ ಚಿಗರೆಪುಡಿ ಹಾಕುತ್ತಿದ್ದದ್ದೂ ಇದಕ್ಕೇ.

ಆದರೆ ಪುಡಿಯನ್ನು ಹಾಗೇ ತಲೆಗೆ ಮೆತ್ತಿಕೊಂಡರೆ ಬೈತಲೆಯಲ್ಲೆಲ್ಲ ತರಿ ಕೂರುತ್ತದೆ. ರಾತ್ರಿ ಕಾಯಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಕಣ್ಣಿಗೆ ಬಿದ್ದರೆ ಉರಿ ಹೇಗಿರುತ್ತದೆ ಅನ್ನುವುದು ಎಣ್ಣೆಸ್ನಾನ ಮಾಡಿಸಿಕೊಂಡು ಬೆಳೆದ ಎಲ್ಲರಿಗೂ ನೆನಪಿರುತ್ತದೆ. ಸೋಸಿದ ನೀರು ಫ್ರಿಜ್ಜಿನಲ್ಲಿ ಎರಡು ಮೂರು ದಿನ, ಆಮೇಲೆ ಚೆಲ್ಲಿ. ಮನೆಯಲ್ಲಿ ತೆಗೆದ ಲೋಳೆಸರಕ್ಕೂ ಇದೇ ಮಾತು. ನೀರಿರುವ ಯಾವುದರಲ್ಲೂ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ನಾವು ಲ್ಯಾಬಿನಲ್ಲಿ ಪ್ರಿಸರ್ವೇಟಿವ್ ಹಾಕುವುದು ಸುಮ್ನೆ ಅಲ್ಲ.

ಕೊಬ್ಬರಿ ಎಣ್ಣೆಯನ್ನು ಮುಖದಿಂದ ಓಡಿಸಿದೆ, ಕೂದಲಿಗೆ ಮಾತ್ರ ಶಿಫಾರಸು ಮಾಡುತ್ತೇನೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ (ಪೆಟ್ರೋಲಿಯಂ) ಎಣ್ಣೆ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನ ಪ್ರೋಟೀನು ಸೋರುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ತಲೆ ತೊಳೆಯುವ ಮೊದಲು ಹಚ್ಚಿ. ಹೊಟ್ಟು ಇರುವವರು ಬುಡಕ್ಕೆ ಹಚ್ಚಬೇಡಿ, ತುದಿಗೆ ಸಾಕು. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬೇ ಊಟ.

ಪ್ರಶ್ನೆ (ದಾವಣಗೆರೆ):

ಮೇಡಂ, 'ನ್ಯಾಚುರಲ್ ಕಪ್ಪು ಮೆಹೆಂದಿ' ಹಚ್ಚಿಸಿಕೊಂಡೆ, ವಯಸ್ಸು 52. ಎರಡನೇ ದಿನ ಕಿವಿ ಹಿಂದೆ ನೀರುಗುಳ್ಳೆ, ಕಣ್ಣು ಊದಿಕೊಂಡವು. ಗಿಡಮೂಲಿಕೆಯಿಂದಲೂ ಹೀಗಾಗುತ್ತಾ?

ಉತ್ತರ:

ಸರ್, ಮೊದಲು ಡಾಕ್ಟರ ಹತ್ತಿರ ಹೋಗಿ, ಪ್ಯಾಕೆಟ್ ಜೊತೆಗೆ ಒಯ್ಯಿರಿ. ಮದರಂಗಿ ಎಲೆ ಕಪ್ಪು ಬಣ್ಣ ಕೊಡುವುದೇ ಇಲ್ಲ. ಕೊಡುವುದು ಕೆಂಪು-ಕಿತ್ತಳೆ. ಅರ್ಧ ಗಂಟೆಯಲ್ಲಿ ಕಪ್ಪಾಯಿತು ಅಂದರೆ ಅದರಲ್ಲಿ ಪಿಪಿಡಿ, ಅಂದರೆ ಪ್ಯಾರಾ-ಫಿನೈಲೀನ್‌ಡೈಅಮೈನ್ ಇರುವ ಸಾಧ್ಯತೆ ಜಾಸ್ತಿ. ಅದರ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಮುಂದಿನ ಸಲ ಇನ್ನೂ ಜೋರಾಗಬಹುದು. ಅಂಗಡಿಯ ಬಹುತೇಕ ಕಪ್ಪು ಡೈಗಳಲ್ಲೂ ಅದು ಅಥವಾ ಅದರ ಸಂಬಂಧಿಗಳು ಇರುತ್ತವೆ. ಗುಣವಾದ ಮೇಲೆ ಡಾಕ್ಟರು ಒಪ್ಪಿದರೆ ಶುದ್ಧ ಮದರಂಗಿ, ಅದನ್ನು ತೊಳೆದ ಮೇಲೆ ನೀಲಿ ಗಿಡದ (ಇಂಡಿಗೊ) ಎಲೆಯ ಪುಡಿ, ಹೀಗೆ ಎರಡು ಹಂತದಲ್ಲಿ ಕಪ್ಪಿನ ಹತ್ತಿರ ಹೋಗಬಹುದು. ಅದನ್ನೂ ಮೊಣಕೈ ಒಳಗೆ ಹಚ್ಚಿ 48 ಗಂಟೆ ಕಾದು ನೋಡಿ. ಬೆಳ್ಳಗಿದ್ದರೂ ಏನು ಮಹಾ ಅನ್ನುವುದು ನನ್ನ ಸ್ವಂತ ಅಭಿಪ್ರಾಯ, ಲ್ಯಾಬಿನದ್ದಲ್ಲ.

ಪ್ರಶ್ನೆ (ಮೆಲ್ಬರ್ನ್):

ಅಕ್ಕಾ, ಇಲ್ಲಿ ಬಿಸಿಲು ಭಯಂಕರ. ಮಗಳಿಗೆ 4 ವರ್ಷ. ಜಿಂಕ್ ಆಕ್ಸೈಡ್ ಪುಡಿ, ಶಿಯಾ ಬಟರ್ ಎರಡೂ ಆನ್‌ಲೈನಿನಲ್ಲಿ ಸಿಗುತ್ತವೆ. ಮನೆಯಲ್ಲೇ ವೀಗನ್ ಸನ್‌ಸ್ಕ್ರೀನ್ ಮಾಡಬಹುದಾ?

ಉತ್ತರ:

ಮಾಡಬೇಡಿ ತಂಗಿ. ಕಣ್ಣಿಗೆ ನುಣ್ಣಗೆ ಕಂಡರೂ ಜಿಂಕ್ ಒಳಗೆ ಗಂಟುಗಂಟಾಗಿ ಉಳಿದಿರುತ್ತದೆ. ಒಂದು ಕಡೆ ದಪ್ಪ, ಪಕ್ಕದಲ್ಲೇ ಖಾಲಿ. ಅದನ್ನು ಸಮನಾಗಿ ಹರಡಲು ನಮಗೇ ವಿಶೇಷ ಯಂತ್ರ ಬೇಕು. 2025ರಲ್ಲಿ ನಿಮ್ಮಲ್ಲಿನ ಗ್ರಾಹಕ ಸಂಸ್ಥೆ ಚಾಯ್ಸ್ 20 ಸನ್‌ಸ್ಕ್ರೀನ್ ಪರೀಕ್ಷಿಸಿದಾಗ 16 ತಮ್ಮ ಲೇಬಲ್ಲಿನ ಎಸ್‌ಪಿಎಫ್ ಮುಟ್ಟಲಿಲ್ಲ. ಕಾರ್ಖಾನೆಗಳದ್ದೇ ಈ ಪಾಡು, ಮಿಕ್ಸಿಯದ್ದು ಕೇಳಬೇಕಾ? ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಮೊದಲು. ಉಳಿದ ಜಾಗಕ್ಕೆ ಅಂಗಡಿಯ ಕ್ರೀಮು, ಎರಡು ಗಂಟೆಗೊಮ್ಮೆ. ಮಗು ನಿಂಬೆಹಣ್ಣು ಹಿಂಡಿ ಆಡಿದ್ದರೆ ಬಿಸಿಲಿಗೆ ಬಿಡುವ ಮುಂಚೆ ಕೈ ತೊಳೆಸಿ. ನಿಂಬೆರಸ ಮತ್ತು ಬಿಸಿಲು ಸೇರಿದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು. ಮುಖಕ್ಕೆ ನಿಂಬೆ ಉಜ್ಜುವ ದೊಡ್ಡವರಿಗೂ ಇದು ಅನ್ವಯ.

ಪ್ರಶ್ನೆ (ಹುಬ್ಬಳ್ಳಿ):

ಕೂದಲೇ ಇಲ್ಲದವರಿಗೆ ಏನು ಹೇಳ್ತೀರಿ ಮೇಡಂ?

ಉತ್ತರ:

ಟೋಪಿ ಸರ್. ಶಾಂಪೂ ಖರ್ಚು ಉಳಿಯಿತಲ್ಲ, ಒಳ್ಳೆಯದನ್ನೇ ತಗೊಳ್ಳಿ.

ಪ್ರಶ್ನೆ (ಕೆಂಗೇರಿ, ಮೊದಲು ಕೇಳಿದವರು):

ಥ್ಯಾಂಕ್ಸ್ ಮೇಡಂ. ಇನ್ನೊಂದೇ ಪ್ರಶ್ನೆ. ಹಸಿರು ಚುಕ್ಕೆ ಇದ್ದರೆ ವೀಗನ್ ಅಂತ ನಂಬಬಹುದಾ? ಮೊಲದ ಗುರುತು ಇದ್ದರೆ?

ಉತ್ತರ:

ಎರಡೂ ಸಾಲದು. ಹಸಿರು ಚುಕ್ಕೆ ಹೇಳುವುದು ಸಸ್ಯಾಹಾರಿ ಲೆಕ್ಕ, ಹಾಲು-ಜೇನು ಇದ್ದರೂ ಬೀಳಬಹುದು. ಮೊಲದ ಗುರುತು ಹೇಳುವುದು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲ ಎಂದು. ಒಳಗೆ ಏನಿದೆ ಎಂದಲ್ಲ. ಭಾರತದಲ್ಲಂತೂ 2014ರಿಂದ ಆ ಪರೀಕ್ಷೆಗೆ ನಿಷೇಧ ಇದೆ.

ಹಿಂಭಾಗದ ಪಟ್ಟಿಯಲ್ಲಿ ಹುಡುಕಬೇಕಾದ ಹೆಸರುಗಳು: ಸೆರಾ ಆಲ್ಬಾ ಅಂದರೆ ಜೇನುಮೇಣ, ಲಿಪ್ ಬಾಮ್ ಮತ್ತು ಸನ್‌ಸ್ಕ್ರೀನ್ ಸ್ಟಿಕ್ಕುಗಳಲ್ಲಿ ಸಾಮಾನ್ಯ. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಕಾರ್ಮೈನ್ ಅಥವಾ ಸಿಐ 75470 ಅನ್ನುವುದು ಹುಳುವಿನಿಂದ ತೆಗೆದ ಕೆಂಪು. ಶಾಂಪೂಗಳಲ್ಲಿ ಕೆರಟಿನ್, ಸಿಲ್ಕ್ ಪ್ರೋಟೀನ್. ರೇಷ್ಮೆಗೂಡನ್ನು ಹೇಗೆ ಬೇಯಿಸುತ್ತಾರೆ ಅನ್ನುವುದನ್ನು ರಾಮನಗರದ ಪಕ್ಕದಲ್ಲೇ ಇರುವ ನಿಮಗೆ ನಾನು ಹೇಳಬೇಕಾಗಿಲ್ಲ. ಸೋಪಿನಲ್ಲಿ ಸೋಡಿಯಂ ಟ್ಯಾಲೋವೇಟ್ ಕಂಡರೆ ಅದು ಪ್ರಾಣಿಕೊಬ್ಬು. ಗ್ಲಿಸರಿನ್, ಸ್ಟಿಯರಿಕ್ ಆಸಿಡ್ ಮಾತ್ರ ಗಿಡದಿಂದಲೂ ಬರುತ್ತವೆ, ಕೊಬ್ಬಿನಿಂದಲೂ. ಪಟ್ಟಿ ನೋಡಿ ತಿಳಿಯುವುದಿಲ್ಲ, ಕಂಪನಿಗೆ ಬರೆದು ಕೇಳಬೇಕು.

ಕೆಂಗೇರಿಯವರು, ಮೂರು ವಾರದ ನಂತರ:

ಮೇಡಂ, ಟಿಂಟೆಡ್ ತಂದೆ, ಈಗ ಯಾರೂ ಹುಷಾರು ಕೇಳುತ್ತಿಲ್ಲ. ವಿನೆಗರ್ ಕೆಲಸ ಮಾಡಿತು. ಹಳೆಯ ಸನ್‌ಸ್ಕ್ರೀನಿನ ಹಿಂದೆ ಓದಿದೆ, ಐದನೇ ಹೆಸರೇ ಸೆರಾ ಆಲ್ಬಾ! ಮುಂದೆ ವೀಗನ್ ಎಂದು ದಪ್ಪಕ್ಷರ. ಬರೆದು ಕೇಳಿದ್ದೇನೆ, ಉತ್ತರ ಇಲ್ಲ. ಆ ಶಾಂಪೂ ಬಾರ್ ಎಸೆಯಲು ಮನಸ್ಸಿಲ್ಲ, ಸಿಂಕಿನ ಪಕ್ಕ ಕೈ ತೊಳೆಯಲು ಇಟ್ಟಿದ್ದೇನೆ. ಪರವಾಗಿಲ್ವಾ?

ಉತ್ತರ:

ಧಾರಾಳವಾಗಿ ತೊಳೆಯಿರಿ. ಸೋಪೇ ತಾನೇ ಅದು.