ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಲೋಕಸಭೆಗೆ ನಿಲ್ಲಬಹುದಾ? ನಿಮ್ಮ ಸಲಹೆ ಬೇಕು

ಡೊಂಬಿವಲಿ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನನ್ನ ಊರು ಕುಮಟಾ ಕಡೆ. ಮದುವೆಯಾಗಿ ಮುಂಬೈಗೆ ಬಂದವಳು. 2005ಕ್ಕಿಂತ ಮುಂಚೆಯೇ ಸರ್ಕಾರಿ ಆಸ್ಪತ್ರೆಗೆ ಸೇರಿ ಈಗಲೂ ಅಲ್ಲೇ ಸ್ಟಾಫ್ ನರ್ಸ್ ಆಗಿದ್ದೇನೆ. ಕೋವಿಡ್ ಹೊತ್ತಿನಲ್ಲಿ ನಮ್ಮ ಸಿಸ್ಟರ್‌ಗಳ ಪರವಾಗಿ ನಾನು ಮಾತಾಡಿದ್ದು ಸುಮಾರು ಜನಕ್ಕೆ ಗೊತ್ತು. ಈಗ ಒಂದು ಪಕ್ಷದವರು ಮುಂದಿನ ಲೋಕಸಭೆಗೆ ನಿಲ್ಲುತ್ತೀರಾ ಎಂದು ಕೇಳುತ್ತಿದ್ದಾರೆ.

ನನಗೆ ಮನಸ್ಸಿದೆ. ನೈಟ್ ಡ್ಯೂಟಿಯಲ್ಲಿ ಮಂಚಗಳೆಲ್ಲ ತುಂಬಿ ನೆಲದ ಮೇಲೂ ಗಾದಿ ಹಾಸಿರುತ್ತೇವೆ. ಇಡೀ ವಾರ್ಡಿಗೆ ನಾನೊಬ್ಬಳು, ಒಬ್ಬಳು ಸ್ಟೂಡೆಂಟ್, ಒಬ್ಬಳು ಮಾವಶಿ (ಆಯಾ). ಒಬ್ಬರ ಸಲೈನ್ ಬದಲಿಸುತ್ತಿರುವಾಗಲೇ ಆ ಕಡೆ ಇನ್ನೊಬ್ಬರಿಗೆ ಉಸಿರು ಕಟ್ಟುತ್ತದೆ, ಮತ್ತೊಬ್ಬರ ಮಗ ಬಂದು ಇಂಜೆಕ್ಷನ್ ಚೀಟಿ ಹಿಡಿದು ನಿಂತಿರುತ್ತಾನೆ. ಮೊನ್ನೆ ವಿಜಯಪುರ ಕಡೆಯ ಒಬ್ಬರು ಅಜ್ಜಿ ಬಂದಿದ್ದರು. ಕರ್ನಾಟಕದ ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿ ಸೆರಗಿಗೆ ಕಟ್ಟಿಕೊಂಡಿದ್ದರು. ಇಲ್ಲಿನ ಸರ್ಕಾರದ ಉಚಿತ ಚಿಕಿತ್ಸೆಯ ಮಹಾತ್ಮ ಫುಲೆ ಯೋಜನೆಗೆ ಮಹಾರಾಷ್ಟ್ರದ ದಾಖಲೆಯೇ ಬೇಕು ಎಂದು ಕೌಂಟರಿನಲ್ಲಿ ವಾಪಸ್ ಕಳಿಸಿದರು. ಅದನ್ನು ಕನ್ನಡದಲ್ಲಿ ಅವರಿಗೆ ಹೇಳಬೇಕಾದವಳು ನಾನು. ಇಂಥದ್ದು ವಾರ್ಡಿನಲ್ಲಿ ಸರಿಯಾಗುವುದಿಲ್ಲ, ದಿಲ್ಲಿಯಲ್ಲೇ ಆಗಬೇಕು ಅಲ್ವಾ?

ಯಜಮಾನರು ಒಪ್ಪಿದ್ದಾರೆ, ಅತ್ತೆಗೆ ಇಷ್ಟವಿಲ್ಲ. ಕೆಲಸ ಬಿಡಲೇಬೇಕಾ? ಪಿಂಚಣಿ ಹೋಗುತ್ತದಾ? ನರ್ಸ್ ಮಾತನ್ನು ಅಲ್ಲಿ ಯಾರಾದರೂ ಕೇಳುತ್ತಾರಾ?

ಮುಲುಂಡ್ ರಾಯರು:

ತಂಗೀ, ನಾನು ಸರ್ಕಾರಿ ಕಚೇರಿಯಲ್ಲಿ ಎಸ್ಟಾಬ್ಲಿಷ್‌ಮೆಂಟ್ (ನೌಕರರ ಸೇವಾ ದಾಖಲೆ) ವಿಭಾಗ ನೋಡಿಕೊಂಡು ನಿವೃತ್ತನಾದವನು. ಕೆಲಸ ಬಿಡಲೇಬೇಕು. ಸಂವಿಧಾನದ 102ನೇ ವಿಧಿ ಇದೆ. ನಾಮಪತ್ರ ಪರಿಶೀಲನೆಯ ದಿನ ನೀವು ಸರ್ಕಾರಿ ನೌಕರಿಯಲ್ಲಿ ಇದ್ದರೆ ಅರ್ಜಿ ಬಿದ್ದುಹೋಗುತ್ತದೆ. ಅದಕ್ಕೂ ಮುಂಚಿನ ಮಾತು: ಮಹಾರಾಷ್ಟ್ರದ 1979ರ ನಡತೆ ನಿಯಮದ ಪ್ರಕಾರ ನೌಕರಿಯಲ್ಲಿರುವವರು ಪಕ್ಷದ ಕೆಲಸಕ್ಕೆ ಕೈ ಹಾಕುವ ಹಾಗೇ ಇಲ್ಲ. ಆದ್ದರಿಂದ ಈಗ ಅವರ ಸಭೆಗೆ ಹೋಗಬೇಡಿ, ಫೋಟೋಕ್ಕೂ ನಿಲ್ಲಬೇಡಿ.

ಆದರೆ ರಾಜೀನಾಮೆ ಮಾತ್ರ ಕೊಡಬೇಡಿ! ರಾಜೀನಾಮೆ ಕೊಟ್ಟರೆ ಅಷ್ಟೂ ವರ್ಷದ ಸೇವೆ ಲೆಕ್ಕದಿಂದ ಹೋಗುತ್ತದೆ, ಪಿಂಚಣಿ ಬರುವುದಿಲ್ಲ. 20 ವರ್ಷ ತುಂಬಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ತೆಗೆದುಕೊಳ್ಳಬಹುದು. 2005ರ ನವೆಂಬರ್‌ಗೆ ಮುಂಚೆ ಸೇರಿದವರಿಗೆ ಹಳೆ ಪಿಂಚಣಿ ಇದೆ. ಅದನ್ನು ಕಳೆದುಕೊಳ್ಳಬೇಡಿ. ಪಕ್ಷದವರು ಕೊನೇ ಗಳಿಗೆಯಲ್ಲಿ ಟಿಕೆಟ್ ಹೇಳಿದರೆ ಮೂರು ತಿಂಗಳು ಎಲ್ಲಿಂದ ತರುತ್ತೀರಿ?

ವಾಶಿ ಶೆಟ್ಟಿ:

ನಾನು ನೇರವಾಗಿ ಹೇಳುತ್ತೇನೆ ಅಕ್ಕ, ಈಗಲೇ ಲೋಕಸಭೆ ಬೇಡ. ಮುಂಬೈಯ ಒಂದೊಂದು ಕ್ಷೇತ್ರದಲ್ಲಿ ಸುಮಾರು 15ರಿಂದ 18 ಲಕ್ಷ ಮತದಾರರು. ಠೇವಣಿ 25,000 ರೂಪಾಯಿ ಅಷ್ಟೇ, ಆದರೆ ಇಲ್ಲಿ ಅಭ್ಯರ್ಥಿಯ ಖರ್ಚಿಗೆ ಆಯೋಗ ಹಾಕಿದ ಮಿತಿಯೇ 95 ಲಕ್ಷ. ಆ ದುಡ್ಡು ಯಾರು ಹಾಕುತ್ತಾರೆ ಎಂದು ಕೇಳಿದಿರಾ? ಗೆಲ್ಲದ ಸೀಟಿಗೆ ಒಳ್ಳೆ ಹೆಸರಿನ ಹೆಂಗಸು ಬೇಕು ಅಂತ ಬಂದಿರಬಹುದು. ಚಲಾವಣೆಯಾದ ಮತದ ಆರನೇ ಒಂದು ಭಾಗ ಬರದಿದ್ದರೆ ಠೇವಣಿಯೂ ಇಲ್ಲ.

ಕಿಶೋರಿ ಪೆಡ್ನೇಕರ್ ಅವರೂ ನರ್ಸ್ ಆಗಿದ್ದವರೇ. ಮೊದಲು ಕಾರ್ಪೊರೇಟರ್ ಆದರು, 2019ರಲ್ಲಿ ಮುಂಬೈ ಮೇಯರ್ ಆದರು. 2020ರ ಏಪ್ರಿಲ್‌ನಲ್ಲಿ ನರ್ಸ್ ಯೂನಿಫಾರ್ಮ್ ಹಾಕಿಕೊಂಡು ನಾಯರ್ ಆಸ್ಪತ್ರೆಗೆ ಹೋಗಿ ಸಿಸ್ಟರ್‌ಗಳ ಜತೆ ನಿಂತಿದ್ದು ನನಗೆ ಇನ್ನೂ ನೆನಪಿದೆ. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1967ರ ಲೋಕಸಭೆ ಚುನಾವಣೆಯಲ್ಲಿ ಇಲ್ಲಿನ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ಸುಮ್ನೆ ಆಗಲಿಲ್ಲ. ಅದಕ್ಕೆ ಮುಂಚೆ ವರ್ಷಗಟ್ಟಲೆ ಇಲ್ಲಿನ ಕೂಲಿಕಾರರ ಯೂನಿಯನ್ ಕಟ್ಟಿದ್ದರು, ಪಾಲಿಕೆಯಲ್ಲಿ ಕೂತಿದ್ದರು. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸೀಟು ಹೆಂಗಸರಿಗೇ ಇದೆ. ಅಲ್ಲಿಂದ ಶುರು ಮಾಡಿ.

ಪುಣೆ ಟ್ಯೂಟರ್:

ಶೆಟ್ಟರೇ, ದಾರಿಯ ಬಗ್ಗೆ ಒಪ್ಪುತ್ತೇನೆ. ಆದರೆ ಅವರ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಟೀಚಿಂಗ್ ಆಸ್ಪತ್ರೆಯಲ್ಲಿ ಮೂರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಎಂದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳಿದೆ. ಅದನ್ನೇ ಮಕ್ಕಳಿಗೆ ಬರೆಸುತ್ತೇನೆ, ಅವರು ಪೋಸ್ಟಿಂಗ್‌ಗೆ ಹೋಗಿ ಬೇರೆಯದನ್ನೇ ನೋಡಿ ಬರುತ್ತಾರೆ. 200ಕ್ಕಿಂತ ಜಾಸ್ತಿ ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು ಎಂದು 2016ರಲ್ಲೇ ಕೇಂದ್ರದ ಸಮಿತಿ ಶಿಫಾರಸು ಮಾಡಿತ್ತು. ಶಿಫಾರಸು ಕಾನೂನಲ್ಲವಲ್ಲ! 1947ರ ನರ್ಸಿಂಗ್ ಕಾಯ್ದೆ ತೆಗೆದು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಆಯೋಗದ ಕಾಯ್ದೆ ತಂದರು. ನಮ್ಮ ಓದು, ನಮ್ಮ ನೋಂದಣಿ ಎಲ್ಲ ಅದರಲ್ಲಿದೆ. ಅಂಥ ಚರ್ಚೆಯಲ್ಲಿ ವಾರ್ಡ್ ನೋಡಿದವರು ಎದ್ದು ನಿಂತು ಮಾತಾಡುವುದು ನನಗೆ ಬಹಳ ಮುಖ್ಯ ಅನಿಸುತ್ತದೆ.

ಅಮೆರಿಕದ ಎಡ್ಡಿ ಬರ್ನಿಸ್ ಜಾನ್ಸನ್ ಡಲ್ಲಾಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದ ನರ್ಸ್ ಆಗಿದ್ದವರು. 1972ರಲ್ಲಿ ಟೆಕ್ಸಸ್ ವಿಧಾನಸಭೆಗೆ ಗೆದ್ದರು, 1992ರಲ್ಲಿ ದೇಶದ ಸಂಸತ್ತಿಗೆ. ಅಲ್ಲಿಗೆ ಹೋದ ಮೊದಲ ನೋಂದಾಯಿತ ನರ್ಸ್ ಅವರೇ. 2018ರಲ್ಲಿ ಗೆದ್ದ ಲಾರೆನ್ ಅಂಡರ್‌ವುಡ್ ಕೂಡ ನರ್ಸ್. ಹೆರಿಗೆಯಲ್ಲಿ ಸಾಯುವ ಕಪ್ಪು ತಾಯಂದಿರ ಸಲುವಾಗಿ ಮಸೂದೆಗಳ ಒಂದು ಕಟ್ಟನ್ನೇ ತಂದರು.

ಇಷ್ಟು ದೂರ ಯಾಕೆ, ನಿಮ್ಮ ಊರಿನ ಹತ್ತಿರದ ಹಳದೀಪುರದವರು ಅರುಣಾ ಶಾನಭಾಗ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅಲ್ಲೇ ಅವರ ಮೇಲೆ ದಾಳಿಯಾಗಿ ಪ್ರಜ್ಞೆಯಿಲ್ಲದೆ ಹಾಸಿಗೆ ಹಿಡಿದಾಗ ಮುಂಬೈಯ ನರ್ಸ್‌ಗಳು ಮುಷ್ಕರ ಹೂಡಿದರು. ಮುಂದೆ ಅವರನ್ನು ಅಲ್ಲಿಂದ ಸಾಗಿಸಲು ಪಾಲಿಕೆ ಹೊರಟಾಗಲೂ ನರ್ಸ್‌ಗಳೇ ತಡೆದರು. 2015ರಲ್ಲಿ ತೀರಿಕೊಳ್ಳುವವರೆಗೂ ನೋಡಿಕೊಂಡರು. ಒಬ್ಬ ಶಾಸಕಿಯೂ ಇಲ್ಲದೆ ಇಷ್ಟು ಮಾಡಿದವರು ನಾವು. ಪಕ್ಷಕ್ಕಿಂತ ಮೊದಲು ನಿಮ್ಮ ಸಿಸ್ಟರ್‌ಗಳನ್ನು ಕೇಳಿ.

ಡೊಂಬಿವಲಿ ಸಿಸ್ಟರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಮಪತ್ರಕ್ಕೂ ಸ್ವಯಂ ನಿವೃತ್ತಿಯ ನೋಟಿಸಿಗೂ ಇಷ್ಟು ಅಂತರ ಬೇಕು ಎಂದು ಪಕ್ಷದವರು ಹೇಳಲೇ ಇಲ್ಲ. ದುಡ್ಡಿನ ಮಾತು ಮೊದಲು ಕೇಳುತ್ತೇನೆ. ಯೂನಿಯನ್ನಿನ ಸಿಸ್ಟರ್‌ಗಳ ಹತ್ತಿರ ಈ ವಾರವೇ ಮಾತಾಡುತ್ತೇನೆ. ಅವರು ಬಾ ಎಂದರೆ ಪಾಲಿಕೆಯಿಂದಲೇ ಶುರು ಮಾಡಲು ನಾನು ಸಿದ್ಧ. ರಾಯರೇ, ನೋಟಿಸ್ ಯಾರ ಹೆಸರಿಗೆ ಕೊಡಬೇಕು?

ಮುಲುಂಡ್ ರಾಯರು:

ನಿಮ್ಮನ್ನು ನೇಮಕ ಮಾಡಿದ ಅಧಿಕಾರಿಗೆ, ಮೇಟ್ರನ್ ಮೂಲಕ. ಅದಕ್ಕೂ ಮೊದಲು ಸರ್ವಿಸ್ ಬುಕ್ ತರಿಸಿ ನೋಡಿ. ಸಂಬಳವಿಲ್ಲದ ರಜೆ ಹಾಕಿದ್ದರೆ ಅದು 20 ವರ್ಷದ ಲೆಕ್ಕದಲ್ಲಿ ಸೇರಿದೆಯಾ ಎಂದು ಕೇಳಿಕೊಳ್ಳಿ, ಇಡೀ ಪುಸ್ತಕದ ಜೆರಾಕ್ಸ್ ಒಂದು ಮನೆಯಲ್ಲಿ ಇಟ್ಟುಕೊಳ್ಳಿ.