ಅಮ್ಮನ ವರ್ಷದ ಪೂಜೆಗೆ ಒಂದು ಪುಟ ಬರೆಯಬೇಕು. ಅಪ್ಪನ ವಿಷಯ ಬಿಡಬೇಕಾ?

ಸೀತಾಂಗೋಳಿಯವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮ ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷ. ವರ್ಷದ ಬಲಿಪೂಜೆಯ ದಿನ ಹಂಚಲಿಕ್ಕೆ ಒಂದು ಹಾಳೆ ಅಚ್ಚು ಹಾಕಿಸುವ ಅಂತ ಮನೆಯಲ್ಲಿ ಮಾತಾಗಿದೆ. ಒಂದು ಬದಿಯಲ್ಲಿ ಫೋಟೋ ಮತ್ತು ಪ್ರಾರ್ಥನೆ, ಇನ್ನೊಂದು ಬದಿಯಲ್ಲಿ ಅಮ್ಮನ ಬಗ್ಗೆ ಬರಹ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಅಣ್ಣ ಒಂದು ಪಟ್ಟಿ ಕಳಿಸಿದ್ದಾನೆ. ಸ್ತ್ರೀ ಸಂಘಟನೆಯಲ್ಲಿ ಕಾರ್ಯದರ್ಶಿ, ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರು ಅಂದರೆ ಮುಖಂಡರು, ಮಕ್ಕಳಿಗೆ ಧರ್ಮೋಪದೇಶದ ಟೀಚರ್, ಹೀಗೆ. ಎಲ್ಲವೂ ನಿಜ. ಆದರೆ ಓದಿದರೆ ಅದರಲ್ಲಿ ನಮ್ಮ ಅಮ್ಮ ಕಾಣುವುದಿಲ್ಲ. ಆ ಪಟ್ಟಿಗೆ ಯಾರ ಹೆಸರು ಬೇಕಾದರೂ ಹಾಕಬಹುದು.

ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮಡಿಲಲ್ಲಿ ತಡ್ಪೆ (ಮೊರ), ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಕತ್ತರಿ, ನೂಲು. ಸಂಜೆ ಜಪಸರದ (ಮಣಿಮಾಲೆ ಹಿಡಿದು ಹೇಳುವ ಪ್ರಾರ್ಥನೆ) ಹೊತ್ತಿಗೂ ಕೈ ನಿಲ್ಲುತ್ತಿರಲಿಲ್ಲ. ನಮ್ಮ ಕೈಯಲ್ಲಿ ಜಪಸರ, ಅಮ್ಮನ ಕೈಯಲ್ಲಿ ಬೀಡಿ. ಒಂದು ನಮೋ ಮರಿಯ ಪ್ರಾರ್ಥನೆಗೆ ಒಂದು ಬೀಡಿ. ಹತ್ತು ಬೀಡಿ ಬದಿಗಿಟ್ಟರೆ ಒಂದು ರಹಸ್ಯ, ಅಂದರೆ ಜಪಸರದ ಒಂದು ಭಾಗ, ಮುಗಿಯಿತು ಅಂತ ಲೆಕ್ಕ. ಮಣಿ ಎಣಿಸುತ್ತಿದ್ದ ನಾವು ತಪ್ಪುತ್ತಿದ್ದೆವು, ಅಮ್ಮ ತಪ್ಪುತ್ತಿರಲಿಲ್ಲ. ಮರುದಿನ ಅದೇ ಬೀಡಿ, ಕಟ್ಟಿದ್ದನ್ನು ತೆಗೆದುಕೊಳ್ಳುವ ಬ್ರಾಂಚಿಗೆ ಹೋಗುತ್ತಿತ್ತು. ಅಲ್ಲಿಂದ ಬಂದ ದುಡ್ಡಲ್ಲಿ ಅಕ್ಕಿ, ಸೀಮೆಎಣ್ಣೆ, ನಮ್ಮ ಪುಸ್ತಕ.

ಬೀಡಿ ಯಾಕೆ ಕಟ್ಟಬೇಕಾಯಿತು ಅಂದರೆ, ಅಪ್ಪ ಬೊಂಬಾಯಿಗೆ ಹೋದವರು ಹಲವು ವರ್ಷ ಮನೆಗೆ ದುಡ್ಡು ಕಳಿಸಲಿಲ್ಲ. ಕಾಗದವೂ ಇಲ್ಲ. ನನಗೆ ಕೇಳಬೇಕಾದದ್ದು ಇಲ್ಲಿಯೇ. ಅಪ್ಪನ ವಿಷಯ ಹಾಳೆಯಲ್ಲಿ ಬೇಡ, ಚರ್ಚಿನಲ್ಲಿ ಹಂಚುವಂಥದ್ದು ಅಂತ ಅಣ್ಣ ಹೇಳುತ್ತಾನೆ. ಅದನ್ನು ಬಿಟ್ಟರೆ ಅಮ್ಮನ ಪ್ರಾರ್ಥನೆಗೂ ದುಡಿಮೆಗೂ ಅರ್ಥವೇ ಇಲ್ಲ ಅಂತ ನನಗೆ ಅನಿಸುತ್ತದೆ. ಯಾವುದು ಸರಿ?

ಇನ್ನೊಂದು ಸಣ್ಣ ಪ್ರಶ್ನೆ. ಅಮ್ಮನ ಹುಟ್ಟಿದ ತಾರೀಕು ಎರಡು ಕಡೆ ಎರಡು ರೀತಿ ಉಂಟು. ಸರಿಯಾದದ್ದು ಎಲ್ಲಿ ಸಿಗಬಹುದು?

ಕಯ್ಯಾರಿನವ:

ತಾರೀಕಿನದ್ದು ಮೊದಲು ಹೇಳುತ್ತೇನೆ. ರೇಷನ್ ಕಾರ್ಡು, ಶಾಲೆಯ ಸರ್ಟಿಫಿಕೇಟು ನಂಬಬೇಡಿ. ಆಗ ಶಾಲೆಗೆ ಸೇರಿಸುವಾಗ ಮಾಷ್ಟ್ರು ಅಂದಾಜಿಗೆ ಬರೆದದ್ದೇ ತಾರೀಕು. ಚರ್ಚಿನಲ್ಲಿರುವ ಜ್ಞಾನಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರ್ ನೋಡಿ. ಅದರಲ್ಲಿ ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ತಂದೆತಾಯಿ, ದೇವಮಾತಾಪಿತರ (ಗಾಡ್‌ಪೇರೆಂಟ್ಸ್) ಹೆಸರು ಎಲ್ಲ ಇರುತ್ತದೆ. ಮದುವೆಯಾದರೆ ಅದನ್ನೂ ಪಕ್ಕದಲ್ಲಿ ಬರೆಯುವ ಕ್ರಮ ಉಂಟು.

ಆದರೆ ಈಗಿನ ನಿಮ್ಮ ಚರ್ಚಿನಲ್ಲಿಯೇ ಇರಬೇಕೆಂದಿಲ್ಲ. ಬೇಳದ ಚರ್ಚು 1890ರದ್ದು. ಆ ಸುತ್ತಿನ ಹಳೆಯ ಕುಟುಂಬಗಳ ದಾಖಲೆ ಅಲ್ಲಿ ಸಿಗುವುದು ಜಾಸ್ತಿ. ಅಮ್ಮನ ತವರು ಬೇರೆ ಕಡೆಯಾದರೆ ಅಲ್ಲಿಯ ಫಾದರಿಗೆ ಕೇಳಿ. ಸರಕಾರಿ ಕಾಗದ ಹುಡುಕುವುದಾದರೆ ಇನ್ನೊಂದು ವಿಷಯ ನೆನಪಿರಲಿ. 1956ರ ನವೆಂಬರ್ 1ಕ್ಕೆ ಮೊದಲು ನಾವೆಲ್ಲ ದಕ್ಷಿಣ ಕನ್ನಡ ಜಿಲ್ಲೆಯವರು. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಹಾಗಾಗಿ ಹಳೆಯ ಕಾಗದದಲ್ಲಿ ಜಿಲ್ಲೆಯ ಹೆಸರು ಬೇರೆ ಕಂಡರೆ ಗಾಬರಿ ಬೇಡ. ಚರ್ಚಿನ ಮಟ್ಟಿಗೆ ಆ ತೊಂದರೆ ಇಲ್ಲ, ನಮ್ಮ ಬೇಳ, ಕಯ್ಯಾರು, ವರ್ಕಾಡಿ ಎಲ್ಲ ಈಗಲೂ ಮಂಗಳೂರು ಧರ್ಮಪ್ರಾಂತವೇ, ಅಂದರೆ ಮಂಗಳೂರು ಬಿಷಪರ ಆಡಳಿತಕ್ಕೆ ಸೇರಿದವು.

ಅಮ್ಮನ ಪ್ರಾರ್ಥನೆ ಪುಸ್ತಕ ಇದೆಯಾ? ಅದರ ಒಳಗೆ ತೀರಿಹೋದವರ ಸ್ಮರಣೆಯ ಕಾರ್ಡುಗಳು ಇರುತ್ತವೆ, ನೋಡಿ. ನನ್ನ ತಾಯಿಯ ಪುಸ್ತಕದಲ್ಲಿ ನಮಗೆ ಗೊತ್ತೇ ಇಲ್ಲದ ಮನೆಗಳ ಕಾರ್ಡು ಇತ್ತು. ವಿಚಾರಿಸಿದಾಗ ತಿಳಿಯಿತು, ಆ ಮನೆಗಳಲ್ಲಿ ಹೆಂಗಸರು ತೀರಿಕೊಂಡಾಗ ಮೈ ತೊಳೆದು ಸೀರೆ ಉಡಿಸಿದ್ದು ನಮ್ಮ ತಾಯಿ ಅಂತ. ಮನೆಯಲ್ಲಿ ಅವರು ಒಂದು ಮಾತೂ ಹೇಳಿದವರಲ್ಲ. ನಾವು ಹಾಳೆಯಲ್ಲಿ ಬರೆದದ್ದು ಅದನ್ನೇ. ಪದವಿಗಳನ್ನು ಕೊನೆಗೆ ಒಂದು ಸಾಲಲ್ಲಿ ಮುಗಿಸಿದೆವು.

ವರ್ಕಾಡಿ ಬಾಯಿ:

ತಂಗೀ, ನಾನು ನಿಮ್ಮ ಅಣ್ಣನ ಪಕ್ಷ. ಸಿಟ್ಟು ಮಾಡಬೇಡಿ. ವರ್ಷದ ಪೂಜೆಗೆ ನಿಮ್ಮ ಅಪ್ಪನ ಕಡೆಯವರೂ ಬರುತ್ತಾರೆ, ಊಟಕ್ಕೂ ಕೂರುತ್ತಾರೆ. ಅವರ ಕೈಗೆ ಆ ಹಾಳೆ ಕೊಟ್ಟರೆ ಅವರಿಗೆ ಹೇಗಾಗಬೇಡ? ಅಪ್ಪನೂ ಈಗ ಇಲ್ಲದಿದ್ದರೆ ಅವರ ಪರವಾಗಿ ಒಂದು ಮಾತು ಹೇಳುವವರೂ ಇಲ್ಲ. ನಿಮ್ಮ ಅಮ್ಮ ಬದುಕಿದ್ದಾಗ ಆ ವಿಷಯವನ್ನು ನಾಲ್ಕು ಜನರ ಎದುರು ಹೇಳಿದ್ದರಾ? ಅದನ್ನು ನೋಡಿ ತೀರ್ಮಾನಿಸಿ. ಅವರು ಮುಚ್ಚಿಟ್ಟದ್ದನ್ನು ಮಕ್ಕಳು ತೆರೆಯಬಾರದು.

ನೀರ್ಚಾಲು ಟೀಚರ್:

ನಾನು ನಿಮ್ಮ ಧರ್ಮದವಳಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮ ನೆರೆಯಲ್ಲಿಯೂ ಒಬ್ಬರು ಬಾಯಮ್ಮ ಇದ್ದರು. ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ಕುಸ್ವಾರ್ (ಹಬ್ಬದ ತಿಂಡಿಗಳು) ತರುತ್ತಿದ್ದರು. ನಮ್ಮ ಅತ್ತೆ ಹೊರಗಿನ ತಿಂಡಿ ಮುಟ್ಟುವವರಲ್ಲ, ಅದು ಗೊತ್ತಿದ್ದು ಅತ್ತೆಗೆ ಅಂತ ಬಾಳೆಗೊನೆಯಿಂದ ಒಂದು ಚಿಪ್ಪು ಬೇರೆ ತರುತ್ತಿದ್ದರು. ಅಷ್ಟು ಗಮನ. ಅವರು ಚರ್ಚಿನಲ್ಲಿ ಎಂತ ಆಗಿದ್ದರು ನನಗೆ ಗೊತ್ತಿಲ್ಲ. ಆ ಚಿಪ್ಪು ಬಾಳೆಹಣ್ಣು ಮರೆತಿಲ್ಲ.

ಬರವಣಿಗೆಯ ಬಗ್ಗೆ ಒಂದೇ ಸಲಹೆ. ಅಪ್ಪ ಏನು ಮಾಡಲಿಲ್ಲ ಎಂಬುದು ಬೇಡ. ಆ ಕಾಲದಲ್ಲಿ ಅಮ್ಮ ಏನು ಮಾಡಿದರು ಎಂಬುದನ್ನು ಬರೆಯಿರಿ. ಓದುವವರಿಗೆ ಅರ್ಥವಾಗುತ್ತದೆ, ಯಾರನ್ನೂ ದೂರಿದ ಹಾಗೂ ಆಗುವುದಿಲ್ಲ. ಬೀಡಿ ಮತ್ತು ಜಪಸರದ ಮಾತು ಮಾತ್ರ ಬಿಡಬೇಡಿ. ನೀವು ಬರೆದದ್ದರಲ್ಲಿ ಅದನ್ನು ಓದಿಯೇ ನನಗೆ ನಿಮ್ಮ ಅಮ್ಮನ ಮುಖ ಕಂಡ ಹಾಗಾಯಿತು.

ಸೀತಾಂಗೋಳಿಯವಳು:

ಎಲ್ಲರಿಗೂ ತುಂಬಾ ಉಪಕಾರ. ವರ್ಕಾಡಿ ಅಕ್ಕಾ, ಸಿಟ್ಟಿಲ್ಲ. ನಿಮ್ಮ ಪ್ರಶ್ನೆ ನನ್ನನ್ನು ರಾತ್ರಿಯೆಲ್ಲ ಕಾಡಿತು. ಅಮ್ಮ ನಾಲ್ಕು ಜನರ ಎದುರು ಹೇಳಿದವರಲ್ಲ, ನಿಜ. ಆದರೆ ಮುಚ್ಚಿಟ್ಟವರೂ ಅಲ್ಲ.

ಮೊಂತಿ ಹಬ್ಬದ ವಿಷಯ ಹೇಳಬೇಕು. ನಮ್ಮವರಲ್ಲದವರಿಗೆ ತಿಳಿಯಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೆಪ್ಟೆಂಬರ್ 8ಕ್ಕೆ ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಚರ್ಚಿಗೆ ತರುತ್ತಾರೆ. ಹಬ್ಬದ ದಿನ ಫಾದರ್ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅದರ ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯ ಎಲ್ಲರೂ ಒಟ್ಟಿಗೆ ಕುಡಿಯುವುದು. ಮಧ್ಯಾಹ್ನ ಮೀನು ಮಾಂಸ ಇಲ್ಲದ ಊಟ. ದೂರ ಇರುವವರಿಗೆ ಆ ಅಕ್ಕಿಯ ಹುಡಿಯನ್ನು ಕವರಿಗೆ ಹಾಕಿ ಅಂಚೆಯಲ್ಲಿ ಕಳಿಸುವ ಕ್ರಮವೂ ಉಂಟು, ಅವರೂ ಮನೆಯವರ ಜೊತೆ ಕೂತ ಹಾಗೆ ಅಂತ.

ಅಮ್ಮ ಪ್ರತಿ ವರ್ಷ ಅಪ್ಪನಿಗೆ ಆ ಕವರು ಕಳಿಸಿದರು. ಉತ್ತರ ಇಲ್ಲದ ವರ್ಷಗಳಲ್ಲೂ ಕಳಿಸಿದರು. ವಿಳಾಸ ಬರೆಯುವ ಕೆಲಸ ನನ್ನದು, ನನ್ನ ಅಕ್ಷರ ಚೆಂದ ಅಂತ. ಅಂಚೆ ಚೀಟಿಗೆ ದುಡ್ಡು ಇಲ್ಲದಾಗ ಬ್ರಾಂಚಿನಿಂದ ಮುಂಗಡ ತಂದದ್ದು ನನಗೆ ನೆನಪಿದೆ. ಒಮ್ಮೆ ನಾನು, ಇನ್ನು ಯಾಕೆ ಕಳಿಸುವುದು ಅಂತ ಕೇಳಿದೆ. "ತೆನೆ ಮನೆಗೆ ಬಂದದ್ದು, ಅವರದ್ದೂ ಒಂದು ಪಾಲು ಉಂಟು" ಅಂದರು. ಅಷ್ಟೇ. ಕೊನೆಗೆ ಅಪ್ಪ ಕಾಯಿಲೆ ಹಿಡಿದು ಊರಿಗೆ ಬಂದಾಗ ನೋಡಿಕೊಂಡದ್ದೂ ಅಮ್ಮನೇ. ಅಪ್ಪ ಬೊಂಬಾಯಿಯಿಂದ ತಂದ ಟ್ರಂಕಿನಲ್ಲಿ ಆ ಕವರುಗಳಲ್ಲಿ ಕೆಲವು ಇದ್ದವು, ಖಾಲಿ ಕವರು. ಅಂದರೆ ಅವರೂ ತಿಂದಿದ್ದರು ಅಂತಲೇ ನಾನು ನಂಬಿದ್ದೇನೆ.

ಟೀಚರ್ ಹೇಳಿದ ಹಾಗೆ ಮಾಡಿದ್ದೇನೆ. ಅಪ್ಪ ದುಡ್ಡು ಕಳಿಸಲಿಲ್ಲ ಎಂಬ ಸಾಲು ತೆಗೆದೆ. ಈಗ ಹೀಗೆ ಬರೆದಿದ್ದೇನೆ:

"ನಮ್ಮ ತಂದೆ ದೂರದ ಊರಿನಲ್ಲಿದ್ದ ವರ್ಷಗಳಲ್ಲಿ ಅಮ್ಮ ಬೀಡಿ ಕಟ್ಟಿ ಮನೆ ನಡೆಸಿದರು. ಸಂಜೆಯ ಜಪಸರವನ್ನು ಬೀಡಿ ಕಟ್ಟುತ್ತಲೇ ಹೇಳಿಸುತ್ತಿದ್ದರು. ಪ್ರತಿ ಮೊಂತಿ ಹಬ್ಬಕ್ಕೆ ತಂದೆಯ ಪಾಲಿನ ಹೊಸ ಅಕ್ಕಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಮಕ್ಕಳಾಗಿದ್ದಾಗ ಅರ್ಥ ತಿಳಿಯದೆ ಲ್ಯಾಟಿನ್‌ನಲ್ಲಿ ಕಲಿತ ಪ್ರಾರ್ಥನೆಗಳು ಅವರಿಗೆ ಕೊನೆಯವರೆಗೂ ಬಾಯಿಪಾಠ ಇದ್ದವು. ಪೂಜೆ ಕೊಂಕಣಿಗೆ ಬಂದ ಮೇಲೆ ವಾಳೆಯ ಓದು ಬಾರದ ಹೆಂಗಸರಿಗೆ ಹೊಸ ಹಾಡುಗಳನ್ನು ಕಲಿಸಿದವರು ಅವರು."

ಇದರ ಕೆಳಗೆ ಅಣ್ಣನ ಪಟ್ಟಿ, ಎರಡು ಸಾಲಲ್ಲಿ.

ವರ್ಕಾಡಿ ಬಾಯಿ:

ಇದನ್ನು ಹಾಕಿ ತಂಗೀ. ಧೈರ್ಯವಾಗಿ ಹಾಕಿ. ಅಪ್ಪನ ಕಡೆಯವರು ಓದಿದರೂ ಕಣ್ಣು ತುಂಬೀತೇ ಹೊರತು ಮುಖ ಸಣ್ಣ ಆಗಲಿಕ್ಕಿಲ್ಲ. ಲ್ಯಾಟಿನ್ ಮಾತು ಓದಿ ನನ್ನ ಅಜ್ಜಿ ನೆನಪಾದರು. 1962ರಿಂದ 65ರವರೆಗೆ ರೋಮಿನಲ್ಲಿ ಬಿಷಪರ ಮಹಾಸಭೆ ಆದ ಮೇಲೆ ಅಲ್ವಾ ಪೂಜೆ ನಮ್ಮ ಭಾಷೆಗೆ ಬಂದದ್ದು. ಅಲ್ಲಿಯವರೆಗೆ ಅವರೆಲ್ಲ ಕೇಳಿ ಕೇಳಿಯೇ ಕಲಿತವರು.

ಒಂದು ಕೇಳಲೇ? ಖಾಲಿ ಕವರಿನ ಫೋಟೋ ಹಾಕುತ್ತೀರಾ?

ಸೀತಾಂಗೋಳಿಯವಳು:

ಇಲ್ಲ ಅಕ್ಕಾ, ಕವರು ಮನೆಯಲ್ಲಿಯೇ ಇರಲಿ. ಬೇಳಕ್ಕೆ ನಾಡಿದ್ದು ಹೋಗಿ ರಿಜಿಸ್ಟರ್ ನೋಡಿ ಬರುತ್ತೇನೆ. ಅಣ್ಣನಿಗೆ ಇವತ್ತು ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಧರ್ಮೋಪದೇಶದ ಟೀಚರ್ ಅಂತ ಮಾತ್ರ ಬಿಡಬೇಡ, ಅವನಿಗೆ ಮೊದಲ ಪರಮಪ್ರಸಾದಕ್ಕೆ ತಯಾರು ಮಾಡಿದ್ದೇ ಅಮ್ಮ ಅಂದ. ಅದನ್ನು ಸೇರಿಸಿದ್ದೇನೆ. ಶನಿವಾರದೊಳಗೆ ಪ್ರೆಸ್ಸಿಗೆ ಕೊಡಬೇಕು.