ಸಹಾಯ ಬೇಕು: ರೆಕಾರ್ಡ್ ಮಾಡುವ ಡಿಜಿಟಲ್ ಬೈನಾಕ್ಯುಲರ್ ತಗೋಬಹುದಾ?

ಎಲ್ಲರಿಗೂ ನಮಸ್ಕಾರ. ಹಕ್ಕಿ ನೋಡಲು ನನ್ನ ಹತ್ತಿರ ಮಾಮೂಲಿ 8×42 (8 ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸ್ 42 ಮಿ.ಮೀ. ಅಗಲದ) ಬೈನಾಕ್ಯುಲರ್ ಇದೆ. ನೋಡುವುದಕ್ಕೆ ಏನೂ ತೊಂದರೆಯಿಲ್ಲ. ಕಂಡದ್ದನ್ನು ವಿಡಿಯೋ ಮಾಡಿಕೊಂಡು, ಆಮೇಲೆ ನಿಧಾನವಾಗಿ ಯಾವ ಹಕ್ಕಿ ಅಂತ ಗುರುತಿಸುವ ಆಸೆ, ಅಷ್ಟೇ.

ಅಡಾಪ್ಟರ್ ಹಾಕಿ ಫೋನ್ ಜೋಡಿಸಿ ನೋಡಿದೆ. ಹೊಂದಿಸುವಷ್ಟರಲ್ಲಿ ಹಕ್ಕಿ ಮಾಯ! ಸ್ನೇಹಿತರ ಸೂಪರ್‌ಜೂಮ್ ಕ್ಯಾಮೆರಾದಲ್ಲಿ ಚಿತ್ರ ಚೆನ್ನಾಗಿ ಬಂತು, ಆದರೆ ಒಂದೇ ಕಣ್ಣಲ್ಲಿ ತುಂಬಾ ಹೊತ್ತು ನೋಡುವುದು ಕಷ್ಟ.

ಡಿಜಿಟಲ್ ಬೈನಾಕ್ಯುಲರ್ ವಿಷಯದಲ್ಲೇ ತಲೆ ಕೆಟ್ಟಿದೆ. ಕೆಲವದರಲ್ಲಿ ನಾವು ನೋಡುವ ಲೆನ್ಸ್ ಬೇರೆ, ಕ್ಯಾಮೆರಾ ಲೆನ್ಸ್ ಬೇರೆ. ಹಾಗಾದರೆ ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ವಿಡಿಯೋದಲ್ಲಿ ಮಸುಕಾಗಬಹುದು ಅಲ್ವಾ? ಇನ್ನು ಕೆಲವದರಲ್ಲಿ ಕಣ್ಣೆದುರು ಪುಟ್ಟ ಸ್ಕ್ರೀನ್. ಬ್ಯಾಟರಿ ಮುಗಿದರೆ ಏನೂ ಕಾಣುವುದಿಲ್ಲ. 4ಕೆ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಬೆಳಕು ಹಿಡಿದು ಚಿತ್ರ ಮಾಡುವ ಸೆನ್ಸರ್ ಎಷ್ಟು ದೊಡ್ಡದು ಅಂತ ಮಾತ್ರ ಹೇಳುವುದೇ ಇಲ್ಲ. ಡಿಜಿಟಲ್ ಜೂಮ್ ಅಂತೂ ಚಿತ್ರವನ್ನು ಸುಮ್ನೆ ಹಿಗ್ಗಿಸುತ್ತದೆ.

ಸ್ಕ್ರೀನ್ ಇರುವುದನ್ನು ಬಳಸಿದವರು ದಯವಿಟ್ಟು ಹೇಳಿ: ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ ಚಿತ್ರ ತಡವಾಗಿ ಬರುತ್ತದಾ? ಮುಂಜಾನೆಯ ಮಂದ ಬೆಳಕಲ್ಲಿ ತೆಗೆದ ವಿಡಿಯೋದಿಂದ ಹಕ್ಕಿ ಗುರುತಿಸಲು ಆಗುತ್ತದಾ? ಇಲ್ಲದಿದ್ದರೆ ಹಳೆಯ ಬೈನಾಕ್ಯುಲರ್ ಜೊತೆಗೆ ಸೂಪರ್‌ಜೂಮ್ ಕ್ಯಾಮೆರಾ ಕೊಳ್ಳುವುದೇ ವಾಸಿನಾ?